ಚೀಟಿಯಿಲ್ಲದ ಸೀಸೆ

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ಸುಖದುಃಖಗಳನ್ನು ತೋಡಿಕೊಂಡಿದ್ದ ನಾವು ಈ ಸಲ ಕಚೇರಿಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳದೆ ಬಿಟ್ಟರೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಏಕೆಂದರೆ ಅದರಲ್ಲಿ ತಪ್ಪು ಬೇರೆಯವರದಲ್ಲ, ನಮ್ಮದೇ.

ಸರಕಾರಿ ಗುಮಾಸ್ತನ ಬಾಳೆಲ್ಲ ಚೀಟಿಗಳ ನಡುವೆ ಕಳೆಯುವುದೆಂಬುದನ್ನು ಓದುಗರು ಬಲ್ಲರು. ಕಡತಕ್ಕೊಂದು ಚೀಟಿ, ಬೀರುವಿಗೊಂದು ಚೀಟಿ, ಕುರ್ಚಿಯ ಬೆನ್ನಿಗೆ ಬಿಳಿಯ ಬಣ್ಣದಲ್ಲಿ ಬರೆದ ಅಂಕಿ. ಕೆಟ್ಟು ನಿಂತು ಎಷ್ಟೋ ವರ್ಷವಾದ ಗೋಡೆಯ ಗಡಿಯಾರಕ್ಕೂ ದಾಸ್ತಾನು ಪುಸ್ತಕದಲ್ಲಿ ಒಂದು ನಂಬರು ಉಂಟು. ಹೆಸರಿಲ್ಲದ ವಸ್ತು ನಮ್ಮಲ್ಲಿ ಒಂದೇ ಒಂದಿದ್ದಿತು. ಅದು ಶೌಚಾಲಯದ ಕಿಟಕಿಯ ಮೇಲೆ ಇಟ್ಟಿದ್ದ, ತಂಪು ಪಾನೀಯದ ಹಳೆಯ ಪ್ಲಾಸ್ಟಿಕ್ ಸೀಸೆ. ಅದನ್ನು ತಂದವರು ನಾವು.

ತಂದದ್ದು ಸುಲ್ತಾನ್ ಬಜಾರಿನಿಂದ. ಮೇಲೆ ಮೆಟ್ರೊ ರೈಲು ಓಡಾಡುತ್ತಿದ್ದರೂ ಕೆಳಗಿನ ಬಜಾರು ಮೊದಲಿನ ಹಾಗೆಯೇ ಇದೆ: ಸೀರೆ, ಬಳೆ, ಪಾತ್ರೆ, ಪುಸ್ತಕ, ಪಕ್ಕದ ಓಣಿಗಳಿಗೆ ತಿರುಗಿದರೆ ಬಣ್ಣ, ತಿನ್ನರು, ಫಿನಾಯಿಲು. ತಪಾಸಣೆಯ ಸಾಹೇಬರು ಬರುವರೆಂದು ಮುಂಚಿನ ವಾರ ಕಚೇರಿಯಲ್ಲಿ ಗಡಿಬಿಡಿ ಎದ್ದಿತು. ಚಿಲ್ಲರೆ ಖರ್ಚಿನ ಬಾಬಿನಲ್ಲಿ ಉಳಿದಿದ್ದ ಹಣವೋ ಅಷ್ಟಕ್ಕಷ್ಟೆ. ಮೊಹರು ಮಾಡಿದ ಡಬ್ಬಿಗೆ ಒಂದು ಬೆಲೆ, ಕ್ಯಾನಿನಿಂದ ಸುರಿದುಕೊಟ್ಟರೆ ಇನ್ನೊಂದು ಬೆಲೆ ಎಂದು ತಿಳಿದಾಗ ನಮ್ಮೊಳಗಿನ ಗುಮಾಸ್ತನು ಎಚ್ಚೆತ್ತನು. ಸೀಸೆ ನಿಮ್ಮದೇ ಇದ್ದರೆ ಇನ್ನೂ ಕಡಿಮೆ ಎಂದ ಅಂಗಡಿಯವನು. ಚೀಲದಲ್ಲಿ ಖಾಲಿ ಸೀಸೆ ಇದ್ದಿತು; ಕೊಟ್ಟೆವು. ವೋಚರಿನ ಮೇಲೆ 'ಶುಚಿ ಸಾಮಗ್ರಿ' ಎಂದು ಬರೆದು ಸಹಿ ಹಾಕಿದೆವು. ಸೀಸೆಯ ಮೇಲೆ ಏನನ್ನೂ ಬರೆಯಲಿಲ್ಲ.

ನಮ್ಮ ಕಚೇರಿಯ ಕಸ ಬಳಿಯುವ ಅವ್ವ ನಾರಾಯಣಪೇಟೆಯ ಕಡೆಯವಳು. ಮನೆಮಾತು ಕನ್ನಡ, ಬಜಾರಿನಲ್ಲಿ ತೆಲುಗು, ಸಾಹೇಬರೊಡನೆ ಹೈದರಾಬಾದಿನ ಉರ್ದು. ಮೂರರಲ್ಲಿ ಯಾವುದರ ಅಕ್ಷರವೂ ಗೊತ್ತಿಲ್ಲ. ತಪಾಸಣೆಯ ಹಿಂದಿನ ದಿನ ಆಕೆ ಸೀಸೆಯಲ್ಲಿದ್ದುದನ್ನು ನೆಲಕ್ಕೆ ಸುರಿದಳು. ಕಲೆ ಹೋಗಲಿಲ್ಲವೆಂದು ಅದರ ಮೇಲೆ ಬ್ಲೀಚಿಂಗ್ ಪೌಡರನ್ನು ಎರಚಿ, ಕುಕ್ಕರುಗಾಲಿನಲ್ಲಿ ಕೂತು ಉಜ್ಜತೊಡಗಿದಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಕೆಮ್ಮುತ್ತ ಗೋಡೆ ಹಿಡಿದುಕೊಂಡು ಹೊರಗೆ ಬಂದವಳು, "ಎದಿ ಹಿಡಕೊಂಡಂಗ ಆಗ್ಯಾದ್ರಿ ಸಾಹೇಬ್ರ, ಕಣ್ಣು ಉರಿಲಾಕತ್ತಾವ" ಎಂದು ಅಲ್ಲಿಯೇ ಕುಸಿದಳು. ಬಾಗಿಲಿನಿಂದ ಬಂದ ವಾಸನೆ ನಮ್ಮ ಗಂಟಲನ್ನೂ ಹಿಡಿಯಿತು.

ಆಸ್ಪತ್ರೆಯ ತರುಣ ವೈದ್ಯರು ಆಮ್ಲಜನಕದ ಮುಖವಾಡ ಹಾಕಿಸುತ್ತ ಕೇಳಿದ ಪ್ರಶ್ನೆ ಒಂದೇ: "ಏನು ಸುರಿದರು? ಸೀಸೆ ತಂದಿದ್ದೀರಾ?" ಸೀಸೆಯನ್ನು ತಂದಿದ್ದೆವು. ಅದರ ಮೇಲೆ ಇದ್ದ ಚೀಟಿ ಕಿತ್ತಳೆ ಹಣ್ಣಿನ ರಸದ್ದು! ವೈದ್ಯರು ಸೀಸೆಯನ್ನು ನೋಡಿದರು, ನಮ್ಮನ್ನು ನೋಡಿದರು. ಬಿ.ಎ. ಪಾಸು ಮಾಡಿ ಹನ್ನೆರಡು ವರ್ಷ ನೌಕರಿ ಮಾಡಿದ ನಮಗೆ ಆ ನೋಟವನ್ನು ಮರೆಯುವುದು ಸಾಧ್ಯವಾಗಿಲ್ಲ.

ಆದುದು ಇಷ್ಟು. ಅಂಗಡಿಯ ದ್ರವ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರಿನೊಡನೆ ಕೂಡಿದರೆ ಕ್ಲೋರಿನ್ ಅನಿಲ ಹೊಮ್ಮುವುದು. ಬೆಲ್ಜಿಯಂ ದೇಶದ ಈಪ್ರ್ ಎಂಬ ಊರಿನ ಬಳಿ 1915ರ ಏಪ್ರಿಲ್ 22ರಂದು ಜರ್ಮನರು ಶತ್ರುಗಳ ಕಂದಕಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿಯೇ ಹರಡಿ ನಿಲ್ಲುತ್ತದೆ. ನಿಂತವನಿಗಿಂತ ಕೂತು ಉಜ್ಜುವವಳ ಮೂಗಿಗೆ ಬೇಗ ಸಿಕ್ಕುತ್ತದೆ. ಆಮ್ಲವು ಶುಚಿ ಮಾಡುವ ವಸ್ತು, ಪೌಡರೂ ಶುಚಿ ಮಾಡುವ ವಸ್ತು. ಎರಡು ಕೂಡಿದರೆ ಇಮ್ಮಡಿ ಶುಚಿ ಎಂದು ಆಕೆ ತಿಳಿದದ್ದರಲ್ಲಿ ಬುದ್ಧಿಯ ದೋಷವೇನಿಲ್ಲ. ಆಮ್ಲದೊಡನೆ ಸೇರಿಸಬಾರದೆಂದು ಬ್ಲೀಚಿನ ಒಳ್ಳೆಯ ಪೊಟ್ಟಣಗಳ ಮೇಲೆ ಬರೆದಿರುವುದುಂಟು. ಆದರೆ ಆಮ್ಲ ಯಾವುದೆಂದು ಸೀಸೆ ಹೇಳದಿದ್ದ ಮೇಲೆ ಪೊಟ್ಟಣದ ಬುದ್ಧಿವಾದ ಯಾರಿಗೆ?

ವೈದ್ಯರು ಕೇಳಿದ ಪ್ರಶ್ನೆಯನ್ನೇ 1984ರ ಡಿಸೆಂಬರಿನಲ್ಲಿ ಭೋಪಾಲದ ವೈದ್ಯರೂ ಕೇಳಿದ್ದರು. ಮೀಥೈಲ್ ಐಸೊಸಯನೇಟ್ ಸೋರಿದ ಆ ರಾತ್ರಿ ಸಾವಿರಗಟ್ಟಲೆ ಜನ ಕಣ್ಣು ಮುಚ್ಚಿಕೊಂಡು ಕೆಮ್ಮುತ್ತ ಆಸ್ಪತ್ರೆಗೆ ಬಂದಾಗ, ಅವರು ಉಸಿರಾಡಿದ್ದು ಏನು, ಅದಕ್ಕೆ ಮದ್ದು ಏನು ಎಂಬ ಸರಿಯಾದ ತಿಳಿವಳಿಕೆ ಚಿಕಿತ್ಸೆ ಮಾಡುವವರ ಕೈಯಲ್ಲಿರಲಿಲ್ಲ. ಅಷ್ಟು ಹೆಣ ಬಿದ್ದ ಮೇಲೆ ಕಾಯಿದೆ ಎಚ್ಚರಗೊಂಡಿತು. 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯದ ವಸ್ತುಗಳ ವಿಚಾರವನ್ನು ಕೆಲಸಗಾರರಿಗೂ ಸುತ್ತಲಿನವರಿಗೂ ತಿಳಿಸತಕ್ಕದ್ದೆಂದು ಮಾಲೀಕರಿಗೆ ವಿಧಿಸಲಾಯಿತು. ಕೇಳಿ ತಿಳಿಯುವ ಹಕ್ಕು ಕೆಲಸಗಾರನಿಗೆ ಬಂದಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಪ್ರತಿಯೊಂದು ಪಾತ್ರೆಯ ಮೇಲೂ ಒಳಗಿನ ವಸ್ತುವಿನ ಹೆಸರು, ತಯಾರಿಸಿದವರ ಹೆಸರು ವಿಳಾಸ, ವಸ್ತುವಿನ ಗುಣದೋಷಗಳು ಇರಬೇಕೆಂದವು. 2025ರ ನವೆಂಬರಿನಲ್ಲಿ ಕಾರ್ಖಾನೆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಅಪಾಯ ಕಂಡರೆ ಎಚ್ಚರಿಸುವ ಕೆಲಸಗಾರನ ಹಕ್ಕನ್ನು ಅದರಲ್ಲಿಯೂ ಉಳಿಸಿದ್ದಾರೆ. ಕಾಯಿದೆಗೆ ಕೊರತೆಯಿಲ್ಲ. ಆದರೆ ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ಸೀಸೆಗೆ ವಸ್ತು ಇಳಿಯುತ್ತ ಬರುವಾಗ ಚೀಟಿ ಮಾತ್ರ ಡ್ರಮ್ಮಿಗೇ ಅಂಟಿಕೊಂಡು ಹಿಂದೆ ಉಳಿಯುತ್ತದೆ.

ಆ ಉಳಿದ ಚೀಟಿಯನ್ನು ನೋಡಬೇಕೆನಿಸಿ ನಾವು ಮುಂದಿನ ವಾರ ಮತ್ತೆ ಅದೇ ಓಣಿಗೆ ಹೋದೆವು. ಜಗಳವಾಡಲೆಂದು ಹೋದವರು ಜಗಳವಾಡಲಿಲ್ಲ. ಅಂಗಡಿಯವನು ಕೇಳಿ ನಿಜವಾಗಿ ಮರುಗಿದನು. ಹಿಂದಿನ ಕೋಣೆಯ ಡ್ರಮ್ಮುಗಳನ್ನು ತೋರಿಸಿದನು. ಕೆಂಪು ಅಂಚಿನ, ಮೂಲೆಯ ಮೇಲೆ ನಿಂತ ಚೌಕಗಳು, ಒಳಗೆ ಕಪ್ಪು ಚಿತ್ರಗಳು. ಲೋಕಕ್ಕೆಲ್ಲ ಒಂದೇ ಗುರುತಿರಲೆಂದು ವಿಶ್ವಸಂಸ್ಥೆಯವರು 2003ರಲ್ಲಿ ಒಪ್ಪಿದ ಪದ್ಧತಿ ಇದು. ಚಿತ್ರಗಳು ಒಟ್ಟು ಒಂಬತ್ತು. ತಲೆಬುರುಡೆ ಎಲ್ಲರಿಗೂ ಗೊತ್ತು. ಉರಿಯ ಚಿತ್ರವಿದ್ದರೆ ಬೆಂಕಿ ಹೊತ್ತುವ ವಸ್ತು. ನಳಿಕೆಯಿಂದ ಹನಿ ಬಿದ್ದು ಕೈಯೂ ಲೋಹದ ತುಂಡೂ ತಿಂದುಹೋಗುತ್ತಿರುವಂತೆ ತೋರಿಸಿದ್ದು ನಮ್ಮ ಆಮ್ಲದ್ದು. ಹೆಚ್ಚು ಜನ ತಪ್ಪು ತಿಳಿಯುವ ಒಂದು ಚಿತ್ರವುಂಟು: ದುಂಡನೆಯ ಬಳೆಯ ಮೇಲೆ ಉರಿ. ಇದರರ್ಥ ವಸ್ತು ತಾನೇ ಉರಿಯುವುದೆಂದಲ್ಲ, ಬೇರೆಯವು ಉರಿಯಲು ಕುಮ್ಮಕ್ಕು ಕೊಡುವುದೆಂದು. ಬ್ಲೀಚಿನದು ಈ ಜಾತಿ. ಊರಲ್ಲಿ ಇಂಥ ಜನವೂ ಇರುತ್ತಾರೆ. ಇನ್ನೊಂದು, ಎದೆಯ ಮೇಲೆ ನಕ್ಷತ್ರ ಒಡೆದಂತಿರುವ ಮನುಷ್ಯನ ಚಿತ್ರ. ಪ್ರಶಸ್ತಿ ಪದಕವೇನೋ ಎಂದುಕೊಂಡೆವು. ಅಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಒಳಗೊಳಗೇ ಅಂಗಾಂಗಗಳನ್ನು ಕೆಡಿಸುವ, ಕೆಲವೊಮ್ಮೆ ಕ್ಯಾನ್ಸರು ತರುವ ವಸ್ತುವಿನ ಗುರುತು ಅದು.

ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪದ: 'ಡೇಂಜರ್' ಅಥವಾ 'ವಾರ್ನಿಂಗ್'. ಮೊದಲನೆಯದು ಹೆಚ್ಚಿನ ಅಪಾಯಕ್ಕೆ, ಎರಡನೆಯದು ಕಡಿಮೆಯದಕ್ಕೆ. ಹಳೆಯ ಡ್ರಮ್ಮುಗಳ ಮೇಲೆ 'ಇನ್‌ಫ್ಲೇಮಬಲ್' ಎಂದಿದ್ದರೆ 'ಇನ್' ಬಂದುದರಿಂದ ಉರಿಯದ್ದು ಎಂದು ನಮ್ಮಂಥ ಪದವೀಧರರು ವ್ಯಾಕರಣ ಮಾಡಬಾರದು. ಅದೂ ಉರಿಯುವುದೇ. ಈ ಗೊಂದಲಕ್ಕಾಗಿಯೇ ಈಚಿನ ಚೀಟಿಗಳಲ್ಲಿ 'ಫ್ಲೇಮಬಲ್' ಎಂದಷ್ಟೇ ಬರೆಯುತ್ತಾರೆ.

ಭಾಷೆಯ ವಿಷಯ ಬಂದುದರಿಂದ ಇನ್ನೊಂದು ಮಾತು. ತೆಲುಗು ಅಕ್ಷರ ನಮಗೆ ಅರೆಪರಿಚಿತ, ಕೂಡಿಸಿ ಓದಿಬಿಡುತ್ತೇವೆ. ಟ್ರಾನ್ಸ್‌ಫಾರ್ಮರಿನ ಬೇಲಿಯ ಮೇಲೆ 'ಪ್ರಮಾದಮು' ಎಂದು ಓದಿದಾಗ ನಮ್ಮ ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನು, ಯಾರೋ ಏನೋ ತಪ್ಪು ಮಾಡಿದ್ದಾರೆಂದು ಬರೆದು ಹಾಕಿದ್ದಾರಲ್ಲ ಎಂದು ಆಶ್ಚರ್ಯಪಟ್ಟನು. ಕನ್ನಡದ ಪ್ರಮಾದ ತಪ್ಪು. ತೆಲುಗಿನ ಪ್ರಮಾದ ಜೀವಕ್ಕೆ ಬರುವ ಅಪಾಯ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಕೂಲಿಗೆಂದು ಇಲ್ಲಿಗೆ ಬರುವ ನಮ್ಮವರಿಗೆ ಯಾರಾದರೂ ಇದನ್ನು ಮೊದಲ ದಿನವೇ ಹೇಳಬೇಕು.

ಬೀದರಿಗೋ ಹುಮನಾಬಾದಿಗೋ ಬಸ್ಸಿನಲ್ಲಿ ಹೋಗುವಾಗ ಪಟಾನ್‌ಚೆರುವಿನ ಆಚೆ ಈಚೆ ಟ್ಯಾಂಕರುಗಳ ಸಾಲು ಸಿಕ್ಕುವುದು. ಅವುಗಳ ಹಿಂದೆ ಒಂದು ಫಲಕ, ಅದರಲ್ಲಿ ನಾಲ್ಕಂಕಿಯ ಸಂಖ್ಯೆ. 1203 ಎಂದರೆ ಪೆಟ್ರೋಲು, 1202 ಡೀಸೆಲು, 1075 ಅಡಿಗೆ ಅನಿಲ, 1005 ಅಮೋನಿಯಾ, 1017 ಅದೇ ಕ್ಲೋರಿನ್. ಜೊತೆಗಿರುವ ತುರ್ತು ಸಂಕೇತದ ಕೊನೆಗೆ ಇಂಗ್ಲಿಷಿನ 'ಇ' ಅಕ್ಷರವಿದ್ದರೆ, ಸೋರಿದಾಗ ಸುತ್ತಲಿನ ಜನರನ್ನು ತೆರವು ಮಾಡಿಸುವ ಯೋಚನೆ ಮಾಡಬೇಕೆಂದರ್ಥ. ನಮ್ಮ ಮಕ್ಕಳು ಈಗ ದಾರಿಯುದ್ದಕ್ಕೂ ಕಿಟಕಿಗೆ ಅಂಟಿಕೊಂಡು ಸಂಖ್ಯೆ ಓದುವ ಪಂದ್ಯ ಕಟ್ಟುತ್ತಾರೆ. ಹಾಡುಪದ ಕಟ್ಟಿ ಗಲಾಟೆ ಮಾಡುವುದಕ್ಕಿಂತ ಇದು ವಾಸಿಯೆಂದು ಮನೆಯವರ ಅಭಿಪ್ರಾಯ.

ಆದರೆ ಅದೇ ರಸ್ತೆಯ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ನಡೆದುದನ್ನು ನೆನೆದರೆ ಚೀಟಿಯ ಮೇಲಿನ ನಮ್ಮ ಭಕ್ತಿ ಸ್ವಲ್ಪ ಇಳಿಯುತ್ತದೆ. ಸ್ಫೋಟವಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಮಾತ್ರೆಗಳಿಗೆ ಬೆರೆಸುವ ಸೆಲ್ಯುಲೋಸ್ ಪುಡಿ, ಮರದ ತಿರುಳಿನಿಂದ ಬಂದದ್ದು, ತಿಂದರೂ ಕೇಡಿಲ್ಲ. ಸತ್ತವರು ನಲವತ್ತಕ್ಕೂ ಮಿಕ್ಕಿ, ಹಲವರು ದೂರದ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದವರು. ಇಂಥ ನಯವಾದ ಪುಡಿ ಗಾಳಿಯಲ್ಲಿ ತುಂಬಿ ಕಿಡಿ ತಗಲಿದರೆ ಮದ್ದಿನಂತೆ ಸಿಡಿಯಬಲ್ಲುದು. ಹಿಟ್ಟು, ಸಕ್ಕರೆ, ಗರಗಸದ ಹೊಟ್ಟು ಎಲ್ಲದರ ಗುಣವೂ ಇದೇ. ತಲೆಬುರುಡೆಯಿಲ್ಲದ ಚೀಲವೆಲ್ಲ ಸಾಧುವೆಂದು ತಿಳಿಯುವಂತಿಲ್ಲ; ಧೂಳು ಕೂತಿದೆಯೇ, ಗಾಳಿ ಆಡುತ್ತದೆಯೇ ಎಂದೂ ಕೇಳಬೇಕಾಗುತ್ತದೆ.

ಇನ್ನು ಮನೆಯ ಮಾತು. ಸುಲ್ತಾನ್ ಬಜಾರಿನಿಂದ ಎರಡು ಮೂರು ಕಿಲೋಮೀಟರಿನ ನಾಂಪಲ್ಲಿ ಬಜಾರ್‌ಘಾಟಿನಲ್ಲಿ 2023ರ ನವೆಂಬರ್ 13ರಂದು, ದೀಪಾವಳಿಯ ಮರುದಿನ ಬೆಳಿಗ್ಗೆ, ವಾಸದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿತು. ಕೆಳಗೆ ವಾಹನ ನಿಲ್ಲಿಸುವಲ್ಲಿ ರಾಸಾಯನಿಕದ ಡ್ರಮ್ಮುಗಳನ್ನು ಇಟ್ಟಿದ್ದರು. ಅಂದೇ ಒಂಬತ್ತು ಜನ ಸತ್ತರು, ಅವರಲ್ಲಿ ಹೆಂಗಸರೂ ಮಗುವೂ ಇದ್ದರು. ಮೇಲಿನ ಅಂತಸ್ತುಗಳಲ್ಲಿ ಹೊಗೆಗೆ ಉಸಿರುಕಟ್ಟಿದವರೇ ಹೆಚ್ಚು. ಅಪಾಯದ ವಸ್ತುವಿನ ಜೊತೆ ಕೆಲಸ ಮಾಡದವರು, ಅದರ ಮೇಲೆ ಮಲಗಿ ಏಳುತ್ತಿದ್ದವರು! ಈ ಓಣಿಗಳಲ್ಲಿ ಅಂಗಡಿ, ಗೋದಾಮುಗಳ ಮೇಲಿನ ಮನೆಗಳಲ್ಲಿ ಬಾಡಿಗೆಗಿರುವ ನಮ್ಮ ಸಂಸಾರಗಳು ಎಷ್ಟೋ ಇವೆ. ಮನೆ ನೋಡಲು ಹೋದಾಗ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುವುದೆಂದು ಕೇಳುವ ನಾವು, ಮೆಟ್ಟಿಲ ಕೆಳಗೆ ಏನಿಟ್ಟಿದ್ದಾರೆಂದು ಕೇಳುವುದಿಲ್ಲ. ಕಳೆದ ಸಂಚಿಕೆಯ ಲೇಖನದಲ್ಲಿ ನಾವೂ ಅದನ್ನು ಬರೆಯಲಿಲ್ಲ.

ನಮ್ಮ ಮನೆಯವರು ಇದನ್ನೆಲ್ಲ ಕೇಳಿ, "ಅಲ್ರೀ, ಕಚೇರಿ ಸುದ್ದಿ ಇರಲಿ, ನಮ್ಮ ಅಟ್ಟದ ಮ್ಯಾಲ ನೀರಿನ ಬಾಟ್ಲಿಯೊಳಗ ಇಟ್ಟದ್ದು ಏನು?" ಎಂದರು. ಇಳಿಸಿ ನೋಡಿದರೆ ಬಾಗಿಲಿಗೆ ಬಣ್ಣ ಬಳಿಸಿದಾಗ ಉಳಿದ ತಿನ್ನರು. ನೀರಿನಂತೆಯೇ ತಿಳಿ. ಚಿಕ್ಕ ಮಗ ಶಾಲೆಯಿಂದ ಬಾಯಾರಿ ಬಂದು ಸಿಕ್ಕ ಬಾಟ್ಲಿ ಎತ್ತುವವನು. ಒಂದು ವೇಳೆ ಇಂಥದ್ದನ್ನೋ, ಸೀಮೆಎಣ್ಣೆಯನ್ನೋ, ಆಮ್ಲವನ್ನೋ ಯಾರಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದೆಂದು ಆ ತರುಣ ವೈದ್ಯರು ನಮಗೆ ಒತ್ತಿ ಹೇಳಿದ್ದಾರೆ. ಬರುವಾಗ ಒಮ್ಮೆ ಸುಟ್ಟದ್ದು ಹೊರಡುವಾಗ ಇನ್ನೊಮ್ಮೆ ಸುಡುತ್ತದೆ, ಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈಮೇಲೆ ಆಮ್ಲ ಬಿದ್ದರೆ ಕಾಲುಗಂಟೆಯಾದರೂ ಹರಿಯುವ ನೀರಿಗೆ ಹಿಡಿಯಬೇಕು. ಆಸ್ಪತ್ರೆಗೆ ಹೋಗುವಾಗ ಸೀಸೆಯನ್ನೋ ಚೀಟಿಯನ್ನೋ ಜೊತೆಗೆ ಒಯ್ಯಬೇಕು.

ಅವ್ವ ಮೂರನೆಯ ದಿನ ಮನೆಗೆ ಬಂದಳು, ಹದಿನೈದು ದಿನದ ಮೇಲೆ ಕೆಲಸಕ್ಕೆ. ಎರಡು ಮಾಳಿಗೆ ಹತ್ತಿದರೆ ಈಗಲೂ ನಿಂತು ಉಸಿರೆಳೆದುಕೊಳ್ಳುತ್ತಾಳೆ. ಆಕೆಯ ರಜೆಗೆ ಸಂಬಳ ಹಿಡಿಯದಂತೆ ಟಿಪ್ಪಣಿ ಬರೆದೆವು. ಕಾರಣದ ಕಾಲಮ್ಮಿನಲ್ಲಿ ನಮ್ಮ ಖರೀದಿಯ ವಿಷಯವನ್ನೂ ಬರೆದೆವು. ಮೇಲಿನವರು ಓದಿ ಸಹಿ ಮಾಡಿದರು, ಏನೂ ಅನ್ನಲಿಲ್ಲ. ಈಗ ಡಬ್ಬಿಯಲ್ಲೇ ಬಂದದ್ದನ್ನು ಡಬ್ಬಿಯಲ್ಲೇ ಇಡುತ್ತೇವೆ. ಆಮ್ಲ ಒಂದು ಬೀರುವಿನಲ್ಲಿ, ಬ್ಲೀಚು ಇನ್ನೊಂದರಲ್ಲಿ. ಉತ್ಸಾಹದಲ್ಲಿ ನಾವೇ ಆಮ್ಲದ ಬೀರುವಿಗೆಂದು ಕೈಯ ಮೇಲೆ ಹನಿ ಬೀಳುವ ಚಿತ್ರವನ್ನು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿ ಆಕೆಯನ್ನು ಕರೆದು ತೋರಿಸಿದೆವು. ಬಹಳ ಹೊತ್ತು ನೋಡಿದಳು.

"ಕೈ ತೊಳಕೊಳ್ಳೋ ನೀರು ಇದರಾಗ ಇಟ್ಟೀರೇನ್ರಿ?" ಎಂದಳು.

ಚಿತ್ರವನ್ನು ಕಿತ್ತೆವು. ಆಕೆಯೇ ತನ್ನ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಆಮ್ಲದ ಡಬ್ಬಿಯ ಕುತ್ತಿಗೆಗೆ ಬಿಗಿಯಾಗಿ ಕಟ್ಟಿದಳು. ಅಚ್ಚಾದ ಚೀಟಿಯ ಜೊತೆಗೆ ಅದೂ ಇದೆ. ಹೊಸ ಡಬ್ಬಿ ಬಂದಾಗ ಹಳೆಯದರಿಂದ ಬಿಚ್ಚಿ ಇದಕ್ಕೆ ಕಟ್ಟುವುದನ್ನು ಆಕೆ ಬೇರೆ ಯಾರಿಗೂ ಬಿಡುವುದಿಲ್ಲ.