ಕಾರಣವಿಲ್ಲದ ಪ್ರಯಾಣ



ನಮ್ಮ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಹೊಸಿಲು ದಾಟಿ ಪರವೂರಿಗೆ ಹೊರಟಳೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಮದುವೆ, ತೊಟ್ಟಿಲು, ಬಾಣಂತನ, ಆಸ್ಪತ್ರೆ, ಸಾವು; ಇವು ಯಾವುವೂ ಅಲ್ಲದಿದ್ದರೆ ಮಠದ ಜಾತ್ರೆ ಇಲ್ಲವೆ ಹಳೆಯದೊಂದು ಹರಕೆ. ಗಂಡಸರು ಅಂಗಿ ತೊಟ್ಟು "ಹೀಗೇ ಹೋಗಿಬರುತ್ತೇನೆ" ಎಂದರೆ ಏಕೆಂದು ಕೇಳುವವರಿಲ್ಲ. ಕಳೆದ ಬೇಸಿಗೆಯಲ್ಲಿ ಬಸವ ಜಯಂತಿ ಮುಗಿದ ಮರುವಾರ, ಶನಿವಾರ ಮತ್ತು ಭಾನುವಾರ, ನಾವು ಗೆಳತಿಯರು ಕೂಡಿ ಮೈಸೂರಿಗೆ ಹೋಗಿಬಂದೆವು. ಮೈಸೂರನ್ನು ನೋಡಬೇಕೆಂಬ ಆಸೆಯೊಂದನ್ನು ಬಿಟ್ಟರೆ ನಮಗೆ ಬೇರೆ ಕಾರಣವಿರಲಿಲ್ಲ. ಆ ಪ್ರಸಂಗವನ್ನೇ ಈ ತಿಂಗಳು ತಮ್ಮ ಮುಂದೆ ಇಡುತ್ತಿದ್ದೇವೆ.

ನಾವು ದಾವಣಗೆರೆಯ ಒಂದೇ ಬಡಾವಣೆಯವರು. ಸೋಮವಾರ ಸಂಜೆ ಅಕ್ಕನ ಬಳಗದಲ್ಲಿ ವಚನ ಹಾಡಲು ಸೇರುವ ಐವರು. ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬರು ಶಾಲೆಯ ಉಪಾಧ್ಯಾಯಿನಿ, ಒಬ್ಬರದು ಅಕ್ಕಿ ಅಂಗಡಿಯ ಮನೆ. ನಾಲ್ಕನೆಯವರು ನಮ್ಮೆಲ್ಲರಿಗೂ ಹಿರಿಯರು, ನಾವು ಹಿರಿಯಕ್ಕ ಎಂದೇ ಕರೆಯುವವರು. ಅವರ ಯಜಮಾನರು ಲಿಂಗೈಕ್ಯರಾಗಿ ಆರು ವರ್ಷಗಳಾದವು. ಐದನೆಯವರು ದೊಡ್ಡ ಕೂಡುಕುಟುಂಬದ ಹಿರಿಯ ಸೊಸೆ.

ಮೊದಲು ಇಂಥ ಮಾತು ಬಂದಾಗಲೆಲ್ಲ "ಸುಮ್ಮನೆ ದುಡ್ಡು ಖರ್ಚು" ಎಂಬ ಒಂದು ಮಾತಿನಿಂದ ಅದು ಅಲ್ಲಿಗೇ ನಿಲ್ಲುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟು ಸಿಗತೊಡಗಿದ ಮೇಲೆ ಆ ನೆಪ ಹೋಯಿತು. ನೆಪ ಹೋದ ಮೇಲೆಯೇ ನಿಜವಾದ ಆಕ್ಷೇಪಣೆಗಳು ಒಂದೊಂದಾಗಿ ಹೊರಬಂದವು. ಜನ ಏನೆಂದಾರು? ಎರಡು ದಿನ ಅಡುಗೆ ಯಾರು ಮಾಡಬೇಕು? ಗಂಡಸರಿಲ್ಲದೆ ರಾತ್ರಿ ಬಸ್ಸೇ?

ಅಕ್ಕಿ ಅಂಗಡಿಯ ಗೆಳತಿ ಒಂದು ಉಪಾಯ ಹೇಳಿದರು: "ನಂಜನಗೂಡಿಗೆ ಹೋಗುತ್ತೇವೆಂದು ಹೇಳೋಣ. ಹೇಗೂ ಪಕ್ಕದಲ್ಲೇ ಇದೆ. ದೇವರ ಹೆಸರು ಬಂದರೆ ಯಾರೂ ಬಾಯಿ ತೆಗೆಯುವುದಿಲ್ಲ." ನಾವು ಮೂವರು ಸಮ್ಮತಿಸಿಯೂ ಆಗಿತ್ತು. ಹಿರಿಯಕ್ಕ ಮಾತ್ರ ಒಪ್ಪಲಿಲ್ಲ. "ಎದೆಯ ಮೇಲೆ ಲಿಂಗ ಇಟ್ಟುಕೊಂಡು ಸುಳ್ಳು ಹೇಳಿ ಹೊರಡುವುದಾದರೆ ನಾನು ಬರುವುದಿಲ್ಲ. ಊರು ನೋಡುವುದಕ್ಕೆ ಹೊರಟಿದ್ದೇವೆ ಎಂದೇ ಹೇಳೋಣ. ಅದೇನು ಕಳ್ಳತನವೇ?" ಎಂದರು. ಅದರಂತೆಯೇ ಆಯಿತು. ಮೂರು ಮನೆಗಳಲ್ಲಿ ಎರಡು ದಿನ ಮುಖ ಗಂಟಿಕ್ಕಿಕೊಂಡವರು ಮೂರನೆಯ ದಿನ ಸರಿಹೋದರು. ಹಿರಿಯಕ್ಕನ ಮಗನೇ ಮುಂದಾಗಿ ವಸತಿಗೃಹದಲ್ಲಿ ಕೊಠಡಿ ಕಾದಿರಿಸಿಕೊಟ್ಟ.

ಐದನೆಯವರ ಮನೆಯಲ್ಲಿ ಹಾಗಾಗಲಿಲ್ಲ. ಅವರ ಅತ್ತೆಯವರು ಬೇಡವೆನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಯಜಮಾನರು "ಯಾವ ಹರಕೆ?" ಎಂದು ಕೇಳಿದರಂತೆ. ಹರಕೆಯಿಲ್ಲ ಎಂದಾಗ ವೃತ್ತಪತ್ರಿಕೆಯ ಪುಟ ಮಗುಚಿದರಂತೆ. ಶುಕ್ರವಾರ ರಾತ್ರಿ ಆಕೆ ಬಸ್ ನಿಲ್ದಾಣಕ್ಕೆ ಬಂದರು, ಕೈಯಲ್ಲಿ ಚೀಲವಿರಲಿಲ್ಲ, ಬುತ್ತಿಯ ಗಂಟಿತ್ತು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಐವರಿಗೆ ಆಗುವಷ್ಟು. "ನೀವು ಹೋಗಿಬನ್ನಿ ಅಕ್ಕಾರೆ, ಬಂದು ಹೇಳಿರಿ" ಎಂದರು. ಬಸ್ಸು ಹೊರಟ ಮೇಲೆ ಬಹಳ ಹೊತ್ತು ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ನಂಜನಗೂಡೆಂದು ಹೇಳಿದ್ದರೆ ಆಕೆಯೂ ನಮ್ಮ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಇದು ಎಲ್ಲರ ಮನಸ್ಸಿನಲ್ಲಿಯೂ ಇತ್ತು. ಹಿರಿಯಕ್ಕನ ಮನಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಇತ್ತೆಂದು ಆಮೇಲೆ ತಿಳಿಯಿತು.

ಬೆಳಗಿನ ಜಾವ ಮೈಸೂರು ಮುಟ್ಟಿದೆವು. ಅಲ್ಲಿಯ ಬೇಸಿಗೆ ನಮ್ಮ ದಾವಣಗೆರೆಯ ಬೇಸಿಗೆಯಲ್ಲ. ಊರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಸಾಲುಮರಗಳ ನೆರಳು ಬೇರೆ. ಸ್ನಾನ ಮುಗಿಸಿ ನಾಲ್ವರೂ ಒಂದೇ ಕೊಠಡಿಯಲ್ಲಿ ಸಾಲಾಗಿ ಲಿಂಗಪೂಜೆಗೆ ಕುಳಿತೆವು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯಲ್ಲಿ ನಮ್ಮ ಪೂಜೆ ನಡೆಯುವುದು ಎರಡು ಕುಕ್ಕರ್ ಸೀಟಿಗಳ ನಡುವೆ. ಅಂಗೈಯಲ್ಲಿ ಲಿಂಗವಿರುವಾಗಲೇ ಹಾಲಿನವನು ಕೂಗುತ್ತಾನೆ. ಮೊಮ್ಮಗನ ಕಾಲುಚೀಲ ಕಾಣೆಯಾಗುತ್ತದೆ. ವಿಭೂತಿ ಧರಿಸಿ, ನೀರೆರೆದು, ಪತ್ರೆ ಏರಿಸಿ, ಎದ್ದುಬಿಡುತ್ತೇವೆ. ಅಂದು ಯಾರೂ ಕೂಗಲಿಲ್ಲ. ಉಪಾಧ್ಯಾಯಿನಿ ಗೆಳತಿ ಪೂಜೆಯ ನಂತರ ಮೆಲ್ಲಗೆ ಹೇಳಿದರು: "ದೀಕ್ಷೆಯಾದಾಗ ನೋಡಿದ್ದೆ, ಆಮೇಲೆ ಇಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಇವತ್ತೇ." ಮೋಜಿಗೆಂದು ಹೊರಟವರಿಗೆ ದೊರೆತ ಮೊದಲ ಲಾಭ ಇದು. ಊರು ಬಿಟ್ಟರೆ ಆಚಾರ ಕೆಡುತ್ತದೆಂದು ಹೇಳುವ ಹಿರಿಯರು ನಮ್ಮ ಅಡುಗೆಮನೆಯ ಬೆಳಗನ್ನು ಒಮ್ಮೆ ನೋಡಬೇಕು.

ಶನಿವಾರ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದೆವು. ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರ ಅಲ್ಲಿದೆ. ಅಂಗೈ ಮರೆಯ ದೀಪದ ಬೆಳಕು ಮುಖದ ಮೇಲೆ ಬಿದ್ದಿರುವುದು. ರವಿವರ್ಮನ ಚಿತ್ರವೆಂದು ಬಹಳ ಮಂದಿ ಭಾವಿಸುತ್ತಾರೆ, ನಾವೂ ಹಾಗೆಯೇ ತಿಳಿದಿದ್ದೆವು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರರು, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆ ಮಗಳು ಕೊಲ್ಲಾಪುರದಲ್ಲಿ ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಮಧ್ಯಾಹ್ನ ರೇಷ್ಮೆ ಮಳಿಗೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಸ್ಥಾಪನೆಯಾದದ್ದು. ಬೆಲೆಯ ಚೀಟಿ ನೋಡಿದೊಡನೆ ಬ್ಯಾಂಕಿನ ಗೆಳತಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದ ಮಹಾತಾಯಿ. ನಾವೆಲ್ಲ ತಲೆದೂಗಿದೆವು. ಅರ್ಧ ಗಂಟೆಯ ಮೇಲೆ ಒಂದು ಸೀರೆ ಕೊಂಡವರೂ ಅದೇ ಗೆಳತಿ.

ಸಂಜೆ ಒಂದು ಮಳೆ ಬಂದು ಹೋದ ಮೇಲೆ ದೇವರಾಜ ಮಾರುಕಟ್ಟೆಗೆ ನಡೆದೆವು. ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆಯ ವಾಸನೆ ಮೈಗೇ ಹತ್ತುವಂತಿತ್ತು. ಮೂವರು ಮೊಳ ಮೊಳ ಕೊಂಡು ಮುಡಿದೆವು. ಹಿರಿಯಕ್ಕ ಎರಡು ಮೊಳ ಕೊಂಡು ಎಲೆಯಲ್ಲಿ ಕಟ್ಟಿಸಿಕೊಂಡರು, "ನಾಳೆಯ ಪೂಜೆಗೆ" ಎಂದರು. ಯಜಮಾನರು ಹೋದಂದಿನಿಂದ ಅವರು ಹೂ ಮುಡಿದಿಲ್ಲ. ಬೇಡವೆಂದು ಯಾವ ಗುರುವೂ ಹೇಳಿದ್ದಲ್ಲ, ಯಾವ ಶರಣರೂ ಹೇಳಿದ್ದಲ್ಲ. ನೆರೆಹೊರೆಯ ರೂಢಿ ನಮ್ಮ ಮನೆಗಳಿಗೂ ಬಂದು ಕುಳಿತಿದೆ, ಅಷ್ಟೇ. ನಾವು ಏನೂ ಅನ್ನಲಿಲ್ಲ.

ಭಾನುವಾರ ಅರಮನೆ. ಚಪ್ಪಲಿಗಳನ್ನು ಹೊರಗೆ ಬಿಟ್ಟು, ಜನಜಂಗುಳಿಯಲ್ಲಿ ಒಬ್ಬರ ಸೆರಗನ್ನು ಒಬ್ಬರು ಹಿಡಿದು ನಡೆದೆವು. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಕತ್ತು ನೋಯುವಂತೆ ನೋಡಿದೆವು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗಾಜಲ್ಲ, ಆ ಕಟ್ಟಡದ ಕಥೆ. ಅದನ್ನು ಹೇಳಿದವರು ಉಪಾಧ್ಯಾಯಿನಿ ಗೆಳತಿ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಮೂವತ್ತು ತುಂಬಿರಲಿಲ್ಲ. ಮುಂದೆ ನಾಲ್ವಡಿ ಕೃಷ್ಣರಾಜರೆನಿಸಿದ ಮಗನಿಗೆ ಹತ್ತು ವರ್ಷ. 1895ರಿಂದ 1902ರವರೆಗೆ ವಾಣೀವಿಲಾಸ ಸನ್ನಿಧಾನವೆಂಬ ಹೆಸರಿನಿಂದ ಆಕೆಯೇ ರಾಜ್ಯಭಾರ ನಡೆಸಿದರು. 1897ರಲ್ಲಿ ಮಗಳ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಕೆ ಅಳುತ್ತ ಕೂರಲಿಲ್ಲ; ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಈಗಿನ ಅರಮನೆಯನ್ನು ಆರಂಭಿಸಿದರು. ಕೆಲಸ ಮುಗಿದದ್ದು 1912ರಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದೂ ಆಕೆಯ ಆಡಳಿತದ ಕೊನೆಯ ವರ್ಷ, 1902ರಲ್ಲಿ.

"ಹಾಗಾದರೆ ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ?" ಎಂದು ಹಿರಿಯಕ್ಕ ಕೇಳಿದರು. ಹೌದು, ಅದೂ ಆಕೆಯ ಹೆಸರೇ. ಮಾರಿಕಣಿವೆ ಎಂದು ಕರೆದುಕೊಂಡು, ಅದರ ನೀರಿನ ಸುದ್ದಿಯನ್ನು ಪ್ರತಿವರ್ಷ ಓದುತ್ತ ಬಂದ ನಮಗೆ, ಆ ಹೆಸರಿನ ಹಿಂದೆ ಎಳೆಯ ವಯಸ್ಸಿನ ವಿಧವೆಯೊಬ್ಬಳಿದ್ದಾಳೆಂದು ಗೊತ್ತಿರಲಿಲ್ಲ. ಹಿರಿಯಕ್ಕ ಅರಮನೆಯ ಒಂದು ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತರು. ಅವರ ತುರುಬಿನಲ್ಲಿ ಮಲ್ಲಿಗೆಯಿತ್ತು. ಆ ಬೆಳಿಗ್ಗೆ ಲಿಂಗಕ್ಕೆ ಏರಿಸಿದ ಹೂವನ್ನು ಪೂಜೆ ಮುಗಿದ ಮೇಲೆ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು, ಕನ್ನಡಿಯತ್ತ ನೋಡದೆಯೇ ಮುಡಿದಿದ್ದರು.

ಸಂಜೆ ಏಳಕ್ಕೆ ಅರಮನೆಯ ದೀಪಗಳು ಹತ್ತಿದವು. ಸುಮಾರು ಒಂದು ಲಕ್ಷ ದೀಪಗಳೆಂದು ಲೆಕ್ಕ. ಸೇರಿದ್ದ ಜನರೆಲ್ಲ ಒಮ್ಮೆಗೇ "ಓ" ಎಂದರು, ನಾವೂ ಮಕ್ಕಳಂತೆ ಅಂದೆವು. ಆ ಬೆಳಕಿನಲ್ಲಿ ಹಿರಿಯಕ್ಕ ಹೇಳಿದ ಮಾತು ಇದು: "ನಾನು ಹಟ ಮಾಡಬಾರದಿತ್ತೇನೋ. ಅವಳೂ ಇದನ್ನು ನೋಡುತ್ತಿದ್ದಳು." ಯಾರಿಗೂ ಉತ್ತರ ಹೊಳೆಯಲಿಲ್ಲ. ಸುಳ್ಳು ಹೇಳಿ ಬಂದಿದ್ದರೆ ಆಕೆಗೆ ದೀಪ ಕಾಣುತ್ತಿತ್ತು. ಮನೆಗೆ ಹೋಗಿ ದೀಪದ ಸುದ್ದಿ ಹೇಳುವಂತಿರಲಿಲ್ಲ. ಯಾವುದು ಮೇಲೆಂದು ನಮಗೆ ಇಂದಿಗೂ ನಿಶ್ಚಯವಿಲ್ಲ.

ಸೋಮವಾರ ಬೆಳಿಗ್ಗೆ ಊರಿಗೆ ಬಂದೆವು. ಹಿರಿಯಕ್ಕ ತಮ್ಮ ಮನೆಗೆ ಹೋಗದೆ, ನಮ್ಮನ್ನೂ ಕರೆದುಕೊಂಡು ನೇರವಾಗಿ ಐದನೆಯವರ ಮನೆಗೆ ನಡೆದರು. ಮೈಸೂರು ಪಾಕಿನ ಪೊಟ್ಟಣವನ್ನೂ ಸ್ವಲ್ಪ ಬಾಡಿದ ಮಲ್ಲಿಗೆಯನ್ನೂ ಗೆಳತಿಯ ಕೈಗೆ ಕೊಟ್ಟು, ತಾವು ಆಕೆಯ ಅತ್ತೆಯವರ ಮಂಚದ ಬಳಿ ಕುಳಿತರು. ಊರು ಸುತ್ತಿಬಂದವರು ಎಂಬ ಕಣ್ಣಿನಲ್ಲೇ ಆ ತಾಯಿ ನಮ್ಮನ್ನು ನೋಡಿದರು. ಹಿರಿಯಕ್ಕ ಸಮರ್ಥನೆ ಏನೂ ಮಾಡಿಕೊಳ್ಳಲಿಲ್ಲ. ಮಹಾರಾಣಿಯ ಕಥೆ ಹೇಳಿದರು, ಮಾರಿಕಣಿವೆಯ ಹೆಸರು ಹೇಳಿದರು, ದೀಪ ಹತ್ತಿದ ಕ್ಷಣವನ್ನು ಹೇಳಿದರು. ಎಂಬತ್ತರ ಆ ತಾಯಿ ಹಿರಿಯೂರಿನ ಕಡೆ ಹುಟ್ಟಿದವರಂತೆ. ಚಿಕ್ಕವರಿದ್ದಾಗ ಗಾಡಿ ಕಟ್ಟಿಕೊಂಡು ಮಾರಿಕಣಿವೆಗೆ ಹೋದದ್ದನ್ನು ಅವರಾಗಿಯೇ ತೆಗೆದರು. ಚಹಾ ಬಂತು. ಯಜಮಾನರು ಒಳಗಿನಿಂದ ಬಂದು, ಟಿಕೆಟಿಗೆ ನಿಜವಾಗಿಯೂ ಒಂದು ರೂಪಾಯಿಯೂ ಕೊಡಲಿಲ್ಲವೇ ಎಂದು ವಿಚಾರಿಸಿ ಅಂಗಡಿಗೆ ಹೋದರು.

ನಾವು ಹೊರಡಲು ಎದ್ದಾಗ ಅತ್ತೆಯವರು ಹಿರಿಯಕ್ಕನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದರು: "ಆ ಬಸ್ಸಿನಲ್ಲಿ ಕಾಲು ನೀಡಿ ಕೂರುವುದಕ್ಕೆ ಆಗುತ್ತದೇನು?"

ನಾವು ಮೂವರು ಆಗುತ್ತದೆ ಎನ್ನುವಷ್ಟರಲ್ಲಿ ಹಿರಿಯಕ್ಕ ಹೇಳಿದರು: "ಆಗುವುದಿಲ್ಲ ಅವ್ವಾ. ಆದರೆ ದಾರಿಯಲ್ಲಿ ಎರಡು ಕಡೆ ನಿಲ್ಲಿಸುತ್ತಾರೆ, ಇಳಿದು ನಾಲ್ಕು ಹೆಜ್ಜೆ ನಡೆದಾಡಬಹುದು."