ಎಂಟೂವರೆ ಸೆಂಟಿಮೀಟರಿನ ಶಂಟಿಂಗ್ ಎಂಜಿನ್

"ಇಷ್ಟು ಚಿಕ್ಕದರಲ್ಲಿ ಇದಕ್ಕಿಂತ ಇನ್ನೇನು ಬೇಕು?" ಮಾದರಿ ರೈಲುಗಳ ಲೋಕದಲ್ಲಿ ಈ ಮಾತಿಗೆ ಒಂದು ಬಗೆಯ ಪ್ರತಿಷ್ಠೆ ಬಂದುಬಿಟ್ಟಿದೆ. ಎನ್ ಸ್ಕೇಲ್ ಎಂದರೆ ನಿಜವಾದ ರೈಲನ್ನು 160ನೇ ಒಂದು ಪಾಲಿಗೆ ಇಳಿಸಿದ ಅಳತೆ. ಹಳಿಗಳ ನಡುವಿನ ಅಂತರ ಬರೀ 9 ಮಿಲಿಮೀಟರ್. ಈ ಅಳತೆಯಲ್ಲಿ ಅಮೆರಿಕದ ಹಳೆಯ ಡೀಸೆಲ್ ಶಂಟಿಂಗ್ ಎಂಜಿನ್ನುಗಳ, ಅಂದರೆ ಯಾರ್ಡಿನೊಳಗೆ ವ್ಯಾಗನ್ನುಗಳನ್ನು ಎಳೆದು ತಳ್ಳಿ ಜೋಡಿಸುವ ಎಂಜಿನ್ನುಗಳ, ಇನ್ನೂ ಒಳ್ಳೆಯ ಮಾದರಿಗಳು ಬರಲಿ ಎಂದು ಹವ್ಯಾಸಿಗಳು ಕೇಳಿದಾಗಲೆಲ್ಲ ಸಮಾಧಾನದ ದನಿಯಲ್ಲಿ ಈ ಉತ್ತರ ಸಿಗುತ್ತದೆ. ಮಾತು ವಿವೇಕದ್ದೆನಿಸುತ್ತದೆ, ಆದರೆ ಅದು ನಿಂತಿರುವುದು ಎರಡು ಪೊಳ್ಳು ಊಹೆಗಳ ಮೇಲೆ. ವಸ್ತು ಚಿಕ್ಕದಾದಷ್ಟೂ ಅದರ ಕುಂದು ಮರೆಯಾಗುತ್ತದೆ ಎಂಬುದು ಒಂದು. ರೈಲಿನ ಕಥೆಯಲ್ಲಿ ಶಂಟಿಂಗ್ ಎಂಜಿನ್ ಬರೀ ಹಿನ್ನೆಲೆಯ ಪಾತ್ರ ಎಂಬುದು ಇನ್ನೊಂದು. ನನ್ನ ವಾದ ಇದಕ್ಕೆ ತೀರ ವಿರುದ್ಧ. ಚಿಕ್ಕ ಅಳತೆಯಲ್ಲಿ ಪೂರ್ತಿ ಪ್ರಾಮಾಣಿಕವಾಗಿ ಮಾಡಬಹುದಾದ ಎಂಜಿನ್ ಎಂದರೆ ಶಂಟಿಂಗ್ ಎಂಜಿನ್ ಒಂದೇ, ಹಾಗಾಗಿ ಅದರ ಕುಂದನ್ನು ಯಾರೂ ಸಹಿಸಬೇಕಾಗಿಲ್ಲ. ಆಟದ ಸಾಮಾನಿಗೆ ಇಷ್ಟೊಂದು ತಲೆಬಿಸಿಯೇ ಎಂದು ಮೂಗು ಮುರಿಯುವವರು, ಕೇರಂ ಬೋರ್ಡಿಗೆ ಪೌಡರ್ ಏಕೆ ಉದುರಿಸುತ್ತಾರೆಂದು ಯಾರನ್ನಾದರೂ ಕೇಳಿಕೊಂಡು ಬರಲಿ.

ಡೀಸೆಲ್ ಎಂಜಿನ್ ಎಂದರೆ ಬೆಳ್ಳಿ ಬಣ್ಣದ ಉದ್ದ ಮೂತಿಯ ಪ್ರಯಾಣಿಕರ ರೈಲು ಎಂಬ ಚಿತ್ರ ಬೇರೂರಿಬಿಟ್ಟಿದೆ. ನಡೆದದ್ದು ಬೇರೆ. ನ್ಯೂಯಾರ್ಕ್ ರಾಜ್ಯ 1923ರಲ್ಲಿ ಕಾಫ್ಮನ್ ಕಾಯಿದೆ ತಂದು, ನ್ಯೂಯಾರ್ಕ್ ನಗರದೊಳಗೆ ಹೊಗೆ ಉಗುಳುವ ಉಗಿ ಎಂಜಿನ್ನುಗಳು ಓಡಕೂಡದೆಂದಿತು. ವಿದ್ಯುತ್ ತಂತಿ ಎಳೆಯಲಾಗದ ಸಣ್ಣ ಸರಕು ಯಾರ್ಡುಗಳು ಇಕ್ಕಟ್ಟಿಗೆ ಸಿಕ್ಕಿದವು. ಅದಕ್ಕೆ ಉತ್ತರವಾಗಿ ಆಲ್ಕೋ, ಜನರಲ್ ಎಲೆಕ್ಟ್ರಿಕ್ ಮತ್ತು ಇಂಗರ್ಸಾಲ್ ರ್‍ಯಾಂಡ್ ಕಂಪನಿಗಳು ಸೇರಿ 300 ಅಶ್ವಶಕ್ತಿಯ, ಪೆಟ್ಟಿಗೆಯಂಥ ಒಂದು ಎಂಜಿನ್ ಮಾಡಿದವು. 1925ರಲ್ಲಿ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಅದನ್ನು 1000 ಎಂಬ ಸಂಖ್ಯೆ ಕೊಟ್ಟು ಬ್ರಾಂಕ್ಸಿನ ಯಾರ್ಡಿಗಿಳಿಸಿತು. 1957ರವರೆಗೆ ದುಡಿದ ಅದು ಈಗ ಬಾಲ್ಟಿಮೋರಿನ ರೈಲು ಸಂಗ್ರಹಾಲಯದಲ್ಲಿದೆ. ದೂರದ ಗೂಡ್ಸ್ ಗಾಡಿಗಳಿಂದ ಉಗಿಯನ್ನು ಓಡಿಸಿದ ಎಫ್‌ಟಿ ಎಂಜಿನ್ ಬಂದದ್ದು 1939ರಲ್ಲಿ, ಅಂದರೆ ಆ ಯಾರ್ಡ್ ಎಂಜಿನ್ ಬಂದ ಹದಿನಾಲ್ಕು ವರ್ಷಕ್ಕೆ. ಡೀಸೆಲ್ ಯಾರ್ಡಿನಿಂದಲೇ ಶುರುವಾದದ್ದಕ್ಕೆ ಕಾಯಿದೆಯೊಂದೇ ಕಾರಣವಲ್ಲ. ಶಂಟಿಂಗ್ ಕೆಲಸದಲ್ಲಿ ಎಂಜಿನ್ ಓಡುವುದಕ್ಕಿಂತ ಕಾಯುವುದೇ ಹೆಚ್ಚು; ಉಗಿ ಎಂಜಿನ್ ಸುಮ್ಮನೆ ನಿಂತಾಗಲೂ ಕಲ್ಲಿದ್ದಲು ತಿನ್ನುತ್ತದೆ, ನೀರು ಕೇಳುತ್ತದೆ, ಬೆಂಕಿ ನೋಡಿಕೊಳ್ಳಲು ಒಬ್ಬನನ್ನು ಬೇಡುತ್ತದೆ. ಡೀಸೆಲ್ ಎಂಜಿನ್ನಿಗೆ ನಿಧಾನದಲ್ಲೇ ಎಳೆಯುವ ಬಲ ಜಾಸ್ತಿ. ಹೀಗೆ 1930ರ ದಶಕದ ಕೊನೆಯಿಂದ ಇಎಂಡಿ ಕಂಪನಿಯ ಎಸ್‌ಡಬ್ಲ್ಯು1, ಎನ್‌ಡಬ್ಲ್ಯು2, ಆಲ್ಕೋದ ಎಸ್-1, ಎಸ್-2, ಬಾಲ್ಡ್‌ವಿನ್ನಿನ ವಿಒ ಸರಣಿಗಳು ಉಕ್ಕಿನ ಕಾರ್ಖಾನೆ, ಬಂದರು, ಊರಂಚಿನ ಯಾರ್ಡುಗಳನ್ನೆಲ್ಲ ತುಂಬಿದವು. ನಮ್ಮ ಯಾರ್ಡುಗಳಲ್ಲಿ ವ್ಯಾಗನ್ ತಳ್ಳಿದ ಡಬ್ಲ್ಯುಡಿಎಸ್-6 ಕೂಡ ಈ ಬಳಗದ ದೂರದ ನೆಂಟನೇ; ಅದರೊಳಗಿನ ಆರು ಸಿಲಿಂಡರಿನ 251 ಎಂಜಿನ್ ಆಲ್ಕೋ ವಿನ್ಯಾಸದ್ದು.

ಮಾದರಿಯೊಂದು ನಿಜವಾದದ್ದನ್ನು ಎಷ್ಟರಮಟ್ಟಿಗೆ ಹೋಲುತ್ತದೆ ಎಂದು ಕೇಳುವಾಗ ನಾವು ಆಕಾರವನ್ನಷ್ಟೇ ನೋಡುತ್ತೇವೆ, ಕೆಲಸವನ್ನು ಮರೆಯುತ್ತೇವೆ. ನ್ಯೂಯಾರ್ಕಿನಿಂದ ಶಿಕಾಗೋಗೆ ಓಡುತ್ತಿದ್ದ ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್ ರೈಲಿನ ಹಾದಿ ಸುಮಾರು 960 ಮೈಲಿ. 160ರಿಂದ ಭಾಗಿಸಿದರೂ ಒಂಬತ್ತೂವರೆ ಕಿಲೋಮೀಟರಿಗೂ ಹೆಚ್ಚು ಹಳಿ ಬೇಕು. ಯಾರ ಮನೆಯಲ್ಲಿದೆ? ಆದ್ದರಿಂದ ಆ ರೈಲಿನ ಮಾದರಿ ಎಷ್ಟು ಚೆಂದವಿದ್ದರೂ ಕೋಣೆಯೊಳಗೆ ಸುತ್ತು ಹೊಡೆಯುವುದಷ್ಟೇ ಅದರ ಗತಿ, ಚಲಿಸಿದೊಡನೆ ಅದು ಸುಳ್ಳಾಗುತ್ತದೆ. ಶಂಟಿಂಗ್ ಎಂಜಿನ್ನಿನ ದಿನಚರಿಯೋ ನಿಜದಲ್ಲೂ ಕೆಲವೇ ನೂರು ಅಡಿಯದು: ವ್ಯಾಗನ್ನು ಹಿಡಿ, ಹಿಂದೆ ಬಾ, ಪಾಯಿಂಟ್ ಬದಲಿಸು, ಇನ್ನೊಂದು ಹಳಿಗೆ ತಳ್ಳು, ಬಿಡು, ಮತ್ತೆ ಹಿಂದೆ ಬಾ. ಇದರಲ್ಲಿ ಏನನ್ನೂ ಮೊಟಕು ಮಾಡದೆ, ಯಾವ ಸೋಗೂ ಹಾಕದೆ, ಇಡೀ ಕೆಲಸವನ್ನು ಒಂದು ಹಲಗೆಯ ಮೇಲೆ ಮಾಡಿತೋರಿಸಬಹುದು.

ಇದಕ್ಕೆ ಅತ್ಯುತ್ತಮ ಸಾಕ್ಷಿ ಬ್ರಿಟನ್ನಿನ ಆಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಸೈಡಿಂಗ್ಸ್. ಮೂರು ಹಳಿಗಳು: ಒಂದರಲ್ಲಿ ಐದು ವ್ಯಾಗನ್ನಿಗೆ ಜಾಗ, ಉಳಿದೆರಡರಲ್ಲಿ ಮೂರು ಮೂರಕ್ಕೆ. ಮೂರೂ ಕೂಡುವ ತಲೆಯ ಹಳಿಯಲ್ಲಿ ಎಂಜಿನ್ ಮತ್ತು ಮೂರೇ ವ್ಯಾಗನ್ ಹಿಡಿಸಬೇಕು. ಇರುವುದು ಎಂಟು ವ್ಯಾಗನ್; ಚೀಟಿ ಎತ್ತಿ ಅದರಲ್ಲಿ ಐದನ್ನು ಬಂದ ಕ್ರಮದಲ್ಲೇ ಜೋಡಿಸಿ ಗಾಡಿ ಕಟ್ಟಬೇಕು. ಕೇಳುವುದಕ್ಕೆ ಮಕ್ಕಳಾಟ. ಆದರೆ ಕಟ್ಟಬಹುದಾದ ಬೇರೆ ಬೇರೆ ಗಾಡಿಗಳ ಸಂಖ್ಯೆ ಎಂಟು, ಏಳು, ಆರು, ಐದು, ನಾಲ್ಕನ್ನು ಗುಣಿಸಿದಷ್ಟು, ಅಂದರೆ 6,720. ದಿನಕ್ಕೊಂದರಂತೆ ಕಟ್ಟಿದರೆ ಹದಿನೆಂಟು ವರ್ಷ ಸಾಲದು. ತಲೆಯ ಹಳಿಯಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಸದು ಎಂಬ ಒಂದೇ ಕಟ್ಟುಪಾಡು ಆಟವನ್ನು ಸಮಸ್ಯೆಯಾಗಿಸುತ್ತದೆ; ಅದನ್ನು ನಾಲ್ಕಕ್ಕೇರಿಸಿ ನೋಡಿ, ಅರ್ಧ ಸ್ವಾರಸ್ಯ ಹೋಗುತ್ತದೆ. ಅಮೆರಿಕದ ನಲವತ್ತು ಅಡಿಯ ಬಾಕ್ಸ್‌ಕಾರ್ ಎನ್ ಸ್ಕೇಲಿನಲ್ಲಿ 76 ಮಿಲಿಮೀಟರ್. ಲೆಕ್ಕ ಹಾಕಿದರೆ ಇಡೀ ಯಾರ್ಡು ಒಂದು ಮೀಟರಿನ ಆಸುಪಾಸಿನಲ್ಲಿ, ಪುಸ್ತಕದ ಕಪಾಟಿನ ಒಂದು ಹಲಗೆಯಲ್ಲಿ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಜಾನ್ ಅಲೆನ್ ಪರ್ವತಗಳನ್ನೂ ಕಣಿವೆಗಳನ್ನೂ ತುಂಬಿದ ಭಾರೀ ಮಾದರಿ ರೈಲಿಗೆ ಹೆಸರಾದವರು. ಅವರು ಕೂಡ ಟೈಮ್‌ಸೇವರ್ ಎಂಬ ಪುಟ್ಟ ಶಂಟಿಂಗ್ ಒಗಟನ್ನು ಕಟ್ಟಿದರು. ಇಂಥ ಹಲಗೆಯ ಮೇಲೆ ಎಂಜಿನ್ ಒಂದೇ. ಅದು ನಿಂತರೆ ಎಲ್ಲವೂ ನಿಂತಂತೆ.

ಮತ್ತು ಅದು ನಿಲ್ಲುತ್ತದೆ. ಕಾರಣ ಭೌತಶಾಸ್ತ್ರದಲ್ಲಿದೆ. ವ್ಯಾಗನ್ ಕೂಡಿಸುವಾಗ ಎಂಜಿನ್ ಗಂಟೆಗೆ 4 ಮೈಲಿ ಮೀರಬಾರದೆಂಬುದು ಅಮೆರಿಕದ ಯಾರ್ಡುಗಳಲ್ಲಿ ಸಾಮಾನ್ಯ ನಿಯಮ. ಎನ್ ಸ್ಕೇಲಿನಲ್ಲಿ ಅದು ಸೆಕೆಂಡಿಗೆ 11 ಮಿಲಿಮೀಟರ್. ಆರೂ ಚಿಲ್ಲರೆ ಮಿಲಿಮೀಟರ್ ವ್ಯಾಸದ ಚಕ್ರ ಎರಡು ಸೆಕೆಂಡಿಗೆ ಸುಮಾರು ಒಂದು ಸುತ್ತು ಹಾಕಬೇಕು, ತಡವರಿಸದೆ. ನಲವತ್ತೈದು ಅಡಿಯ ಎಂಜಿನ್ ಇಲ್ಲಿ ಎಂಟೂವರೆ ಸೆಂಟಿಮೀಟರ್. ಅದಕ್ಕಿಂತ ದೊಡ್ಡದಾದ, 1:87ರ ಎಚ್‌ಒ ಅಳತೆಯ ಮಾದರಿಗೆ ಹೋಲಿಸಿದರೆ ಉದ್ದ ಅರ್ಧಕ್ಕಿಂತ ತುಸು ಹೆಚ್ಚಿದ್ದರೂ ತೂಕ ಆರನೇ ಒಂದು ಪಾಲಿಗಿಳಿಯುತ್ತದೆ. ಮಾದರಿಗೆ ವಿದ್ಯುತ್ತು ಬರುವುದೇ ಹಳಿಯಿಂದ ಚಕ್ರದ ಮೂಲಕ. ತೂಕ ಇಳಿದರೆ ಹಿಡಿತವೂ ಇಳಿಯಿತು, ವಿದ್ಯುತ್ ಸಂಪರ್ಕವೂ ಇಳಿಯಿತು. ಉದ್ದದ ಎಂಜಿನ್ ಪಾಯಿಂಟಿನ ವಿದ್ಯುತ್ತಿಲ್ಲದ ತುಂಡನ್ನು ದಾಟುವಾಗ ಅದರ ಬಾಲದ ಚಕ್ರಗಳಾದರೂ ಆಚೆ ಇರುತ್ತವೆ, ಗಿಡ್ಡ ಎಂಜಿನ್ನಿಗೆ ಆ ಭಾಗ್ಯ ಕಡಿಮೆ. ತಿರುಗುವ ವೇಗವನ್ನು ಹಿಡಿದಿಡುವ ಭಾರದ ಚಕ್ರ, ಫ್ಲೈವೀಲ್, ಇದೆಯಲ್ಲ ಎನ್ನುತ್ತಾರೆ ಜಾಹೀರಾತು ಬರೆಯುವವರು. ಅದೇ ಆಕಾರದ, ಅದೇ ಲೋಹದ ಫ್ಲೈವೀಲನ್ನು ಎಚ್‌ಒದಿಂದ ಎನ್ ಅಳತೆಗೆ ಇಳಿಸಿದರೆ ಅದರ ಜಡತೆ ಸುಮಾರು ಇಪ್ಪತ್ತೊಂದನೇ ಒಂದು ಪಾಲಿಗೆ ಕುಸಿಯುತ್ತದೆ. ಅದು ಕೂಡಿಡುವ ಶಕ್ತಿಯೂ ವೇಗದ ವರ್ಗವನ್ನು ಅನುಸರಿಸುವುದರಿಂದ, ನಿಧಾನವೇ ಕಸುಬಾದ ಎಂಜಿನ್ನಿಗೆ ಅದು ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಪರಿಹಾರ ಇಲ್ಲದಿಲ್ಲ: ಎಂಟೂ ಚಕ್ರಗಳಿಂದ ವಿದ್ಯುತ್ತು ಪಡೆಯುವ ವ್ಯವಸ್ಥೆ, ನಯವಾಗಿ ತಿರುಗುವ ಕೋರ್‌ಲೆಸ್ ಮೋಟಾರು, ಹೆಚ್ಚು ಇಳಿಕೆಯ ಗೇರು, ಒಂದೆರಡು ಸೆಕೆಂಡು ಮೋಟಾರನ್ನು ಸಾಕುವ ಕೆಪಾಸಿಟರ್. ಇವೆಲ್ಲ ಗೊತ್ತಿರುವ ವಿದ್ಯೆಗಳೇ. ಇವೆಲ್ಲವನ್ನೂ ಸುಮಾರು ಹನ್ನೊಂದು ಮಿಲಿಮೀಟರ್ ಅಗಲದ ಬಾನೆಟ್ಟಿನೊಳಗೆ ಕೂರಿಸುವುದು ಕಷ್ಟ, ಒಪ್ಪೋಣ. ಕಷ್ಟ ಎಂಬುದು ಬೇಡ ಎನ್ನುವುದಕ್ಕೆ ಕಾರಣವಾಗದು.

ಇಲ್ಲಿ ಹವ್ಯಾಸಿಗಳಿಗೂ ಒಂದು ಮಾತು ಹೇಳಲೇಬೇಕು. ಒಳ್ಳೆಯ ಮಾದರಿ ಬೇಕು ಎಂದು ಕೂಗುವವರಲ್ಲಿ ಬಹುಪಾಲು ಮಂದಿ ಕೇಳುವುದು ರಿವೆಟ್ಟು, ಸೀಟಿ, ಕೈಕಂಬಿ. ನಿಜವಾದ ಕೈಕಂಬಿಯ ಕೊಳವೆ ಒಂದೂಕಾಲು ಅಂಗುಲದ್ದಾದರೆ ಎನ್ ಸ್ಕೇಲಿನಲ್ಲಿ ಅದು ಮಿಲಿಮೀಟರಿನ ಐದನೇ ಒಂದು ಪಾಲು. ಅಷ್ಟು ತೆಳ್ಳಗೆ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದರೆ ಬೆರಳು ತಗುಲಿದರೆ ಮುರಿಯುತ್ತದೆ, ಮುರಿಯದಷ್ಟು ದಪ್ಪ ಮಾಡಿದರೆ ಒಳಚರಂಡಿಯ ಪೈಪಿನಂತೆ ಕಾಣುತ್ತದೆ. ಹಾಗೆಂದು ಆಕಾರ ಏನಾದರೂ ಆಗಲಿ ಎಂದು ನಾನು ಹೇಳುತ್ತಿಲ್ಲ. ಒಡಲಿನ ಅಳತೆ, ಹೊಗೆ ಕೊಳವೆ, ಚಕ್ರಗಳ ಗುಂಪನ್ನು ಹೊರುವ ಟ್ರಕ್ಕು, ಇವು ಅಲಂಕಾರವಲ್ಲ, ಇತಿಹಾಸ. 660 ಅಶ್ವಶಕ್ತಿಯ ಎಸ್-1ಕ್ಕೂ 1000 ಅಶ್ವಶಕ್ತಿಯ ಎಸ್-2ಕ್ಕೂ ಇರುವ ಭೇದ ರೇಡಿಯೇಟರಿನ ಗಾತ್ರದಲ್ಲಿ, ಟರ್ಬೋಚಾರ್ಜರ್ ತಂದ ದಪ್ಪ ಹೊಗೆ ಕೊಳವೆಯಲ್ಲಿ ಕಣ್ಣಿಗೆ ಕಾಣುತ್ತದೆ. ಇನ್ನು ಜನರಲ್ ಎಲೆಕ್ಟ್ರಿಕ್ಕಿನ 44 ಟನ್ನಿನ ಎಂಜಿನ್ನನ್ನು ನೋಡಿ. ಅದು 44 ಟನ್ ಏಕೆ? ಚಾಲನಾ ಚಕ್ರಗಳ ಮೇಲೆ 90,000 ಪೌಂಡು ಅಥವಾ ಹೆಚ್ಚು ಭಾರವಿರುವ ಎಂಜಿನ್ನಿನಲ್ಲಿ ಚಾಲಕನ ಜೊತೆಗೆ ಫೈರ್‌ಮನ್ ಒಬ್ಬ ಇರಲೇಬೇಕೆಂದು 1937ರಲ್ಲಿ ರೈಲು ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಒಪ್ಪಂದವಾಯಿತು. 44 ಅಮೆರಿಕನ್ ಟನ್ ಎಂದರೆ 88,000 ಪೌಂಡು. ಗೆರೆಯ ಸ್ವಲ್ಪವೇ ಈಚೆ. ಸಂಬಳದ ಲೆಕ್ಕವೇ ಉಕ್ಕಿನಲ್ಲಿ ರೂಪ ಪಡೆದು 1940ರಿಂದ 1956ರವರೆಗೆ ತಯಾರಾಯಿತು: ನಡುವೆ ಕ್ಯಾಬು, ಎರಡೂ ಕಡೆ ತಗ್ಗು ಬಾನೆಟ್ಟು, ಹೆಚ್ಚಿನವುಗಳಲ್ಲಿ ತಲಾ ಒಂದು ಕ್ಯಾಟರ್‌ಪಿಲ್ಲರ್ ಎಂಜಿನ್. ಇದರ 64 ಮಿಲಿಮೀಟರಿನ ಮಾದರಿಯಲ್ಲಿ ಮೋಟಾರಿಗೆ ಜಾಗ ಸಾಲದೆಂದು ಬಾನೆಟ್ಟನ್ನು ಉಬ್ಬಿಸಿದರೆ ಆ ಎಂಜಿನ್ ಯಾಕೆ ಹುಟ್ಟಿತೋ ಆ ಕಾರಣವನ್ನೇ ಅಳಿಸಿದಂತೆ. ಹಿಂದೊಮ್ಮೆ ಅಥರ್ನ್ ಕಂಪನಿಯ ಎಚ್‌ಒ ಎಂಜಿನ್ನುಗಳ ಬಾನೆಟ್ಟು ಮೋಟಾರಿನ ಸಲುವಾಗಿ ಅಗಲವಾಗಿದ್ದುದನ್ನು ಒಂದು ತಲೆಮಾರು ಸಹಿಸಿಕೊಂಡಿತು. ಇಂದಿನ ಮೋಟಾರುಗಳು ಆ ನೆಪಕ್ಕೆ ಎಡೆ ಕೊಡುವುದಿಲ್ಲ.

ತಯಾರಕರ ಆಕ್ಷೇಪ ಹಗುರವಾದದ್ದಲ್ಲ. ಅಚ್ಚು ಮಾಡಿಸುವ ಖರ್ಚು ಮಾದರಿಯ ಗಾತ್ರಕ್ಕೆ ತಕ್ಕಂತೆ ಇಳಿಯುವುದಿಲ್ಲ. ಮೋಟಾರು, ಅದನ್ನು ನಿಯಂತ್ರಿಸುವ ಡಿಕೋಡರು, ಬಣ್ಣದ ಕೂಲಿ ದೊಡ್ಡ ಎಂಜಿನ್ನಿಗೂ ಚಿಕ್ಕದಕ್ಕೂ ಹೆಚ್ಚುಕಡಿಮೆ ಒಂದೇ. ಕೊಳ್ಳುವವನು ಮಾತ್ರ ಅಂಗೈಯೊಳಗೆ ಅಡಗುವ ಎಂಜಿನ್ನಿಗೆ ಅರ್ಧ ಬೆಲೆ ಇರಬೇಕೆಂದು ಎಣಿಸುತ್ತಾನೆ. ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಅಪಾಯಕ್ಕೆ ಯಾರು ತಲೆಕೊಡುತ್ತಾರೆ? ಪ್ರಶ್ನೆ ನ್ಯಾಯವಾದದ್ದು, ಆದರೆ ಉತ್ತರ ಆ ಎಂಜಿನ್ನುಗಳ ಇತಿಹಾಸದಲ್ಲೇ ಇದೆ. ಇಎಂಡಿ ತನ್ನ ಎನ್‌ಡಬ್ಲ್ಯು2, ಎಸ್‌ಡಬ್ಲ್ಯು7, ಎಸ್‌ಡಬ್ಲ್ಯು9, ಎಸ್‌ಡಬ್ಲ್ಯು1200ಗಳಿಗೆ ಟ್ರಕ್ಕುಗಳ ನಡುವೆ ಒಂದೇ ಅಂತರ ಇಟ್ಟಿತು, 22 ಅಡಿ. ಆಲ್ಕೋದ ಎಸ್-3, ಎಸ್-4ಗಳು ಎಸ್-1, ಎಸ್-2ಗಳಿಂದ ಬೇರೆಯಾಗುವುದು ಮುಖ್ಯವಾಗಿ ಟ್ರಕ್ಕಿನಲ್ಲಿ. ಒಂದು ಒಳ್ಳೆಯ ಯಂತ್ರಭಾಗಕ್ಕೆ ಹಣ ಸುರಿದರೆ ಅದರ ಮೇಲೆ ನಾಲ್ಕಾರು ಬಗೆಯ ಒಡಲು ಕೂರಿಸಬಹುದು. ಎನ್‌ಡಬ್ಲ್ಯು2 ಒಂದೇ ಸಾವಿರಕ್ಕೂ ಹೆಚ್ಚು ತಯಾರಾಯಿತು. ದೊಡ್ಡ ರೈಲು ಕಂಪನಿಗಳಲ್ಲದೆ ಗಣಿ, ಗಿರಣಿ, ಬಂದರುಗಳೂ ಇಂಥ ಎಂಜಿನ್ನುಗಳನ್ನು ಕೊಂಡು ತಮ್ಮ ತಮ್ಮ ಬಣ್ಣ ಬಳಿದುಕೊಂಡವು. ಒಂದೇ ಅಚ್ಚಿನಿಂದ ಇಷ್ಟು ಬಣ್ಣಗಳಲ್ಲಿ ಮಾರಬಹುದಾದ ವಸ್ತು ಈ ವ್ಯಾಪಾರದಲ್ಲಿ ಬೇರೆ ಹೆಚ್ಚಿಲ್ಲ.

ಇದಕ್ಕಿಂತ ಗೌರವದಿಂದ ಕೇಳಬೇಕಾದ ಇನ್ನೊಂದು ಆಕ್ಷೇಪವಿದೆ, ಅದು ಹಳೆಯ ಕೈಗಳದ್ದು. ಎಲ್ಲವನ್ನೂ ಪೆಟ್ಟಿಗೆಯಿಂದಲೇ ತೆಗೆಯುವ ಆಸೆಯಿಂದ ಕಸುಬು ಸಾಯುತ್ತಿದೆ, ಹಿಂದಿನವರು ಹಿತ್ತಾಳೆ ತಗಡನ್ನು ಅರದಲ್ಲಿ ಉಜ್ಜಿ, ಎರಡು ಒಡಲುಗಳನ್ನು ಕತ್ತರಿಸಿ ಕೂಡಿಸಿ, ತಮಗೆ ಬೇಕಾದ ಎಂಜಿನ್ ತಾವೇ ಮಾಡಿಕೊಳ್ಳುತ್ತಿದ್ದರು ಎನ್ನುತ್ತಾರೆ. ನಿಜ, ಮತ್ತು ಆ ಕಸುಬು ಉಳಿಯಬೇಕು. ಆದರೆ ಅವರ ಮಾತೇ ನನ್ನ ವಾದಕ್ಕೆ ಬಲ. ಕೈಕಂಬಿಯನ್ನು ತಂತಿಯಿಂದ ಬಗ್ಗಿಸಬಹುದು, ಹೊಗೆ ಕೊಳವೆಯನ್ನು ಬದಲಿಸಬಹುದು, ಬಣ್ಣಕ್ಕೆ ತುಕ್ಕು ಹಿಡಿಸಬಹುದು. ಈ ಅಳತೆಯಲ್ಲಿ ಮೋಟಾರು ಸುತ್ತುವುದು, ಗೇರು ಕಡಿಯುವುದು ಮನೆಯ ಮೇಜಿನ ಮೇಲೆ ಆಗುವ ಕೆಲಸವಲ್ಲ. ಕಾರ್ಖಾನೆಯಿಂದ ಕೇಳಬೇಕಾದದ್ದು ಕೈಗೆ ಎಟುಕದ್ದನ್ನು. ಈಗ ಆಗುತ್ತಿರುವುದು ತಲೆಕೆಳಗು: ಕೈ ಮಾಡಬಹುದಾದ ಅಂದಚೆಂದವನ್ನು ಕಾರ್ಖಾನೆ ಅಂಟಿಸಿ ಕೊಡುತ್ತದೆ, ಪಾಯಿಂಟಿನ ಮೇಲೆ ತಡವರಿಸುವ ಎಂಜಿನ್ನನ್ನು ಹವ್ಯಾಸಿ ಬೆರಳಿನಿಂದ ತಳ್ಳುತ್ತಾನೆ.

ತ್ರೀಡಿ ಮುದ್ರಣ ಯಂತ್ರಗಳು ಬಂದ ಮೇಲೆ ಈ ತಲೆಕೆಳಗುತನಕ್ಕೆ ಇದ್ದ ಕೊನೆಯ ನೆಪವೂ ಹೋಯಿತು. ರಾಳದ ತ್ರೀಡಿ ಮುದ್ರಣದಲ್ಲಿ ಅಪರೂಪದ ಬಾಲ್ಡ್‌ವಿನ್ ಒಡಲನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು. ಅದನ್ನು ಹೊತ್ತು ಓಡುವ ಚೌಕಟ್ಟನ್ನು ಮಾತ್ರ ಮುದ್ರಿಸಲಾಗದು. ಜಪಾನಿನಲ್ಲಿ ಕಟೊ ಮತ್ತು ಟೋಮಿಟೆಕ್ ಸಂಸ್ಥೆಗಳು ತಮ್ಮ ಪುಟ್ಟ ರೈಲುಗಳಿಗೆ ಮೋಟಾರು ಸಮೇತ ಬರೀ ಚೌಕಟ್ಟನ್ನೇ ಬಿಡಿಯಾಗಿ ಮಾರುತ್ತವೆ, ಜನ ಅದರ ಮೇಲೆ ತಮ್ಮದೇ ಒಡಲು ಕೂರಿಸುತ್ತಾರೆ. ಅಮೆರಿಕದ ಹವ್ಯಾಸಿಗಳು ಒತ್ತಾಯಿಸಬೇಕಾದದ್ದು ಇದನ್ನು: ಟ್ರಕ್ಕುಗಳ ನಡುವೆ 42 ಮಿಲಿಮೀಟರ್ ಅಂತರ, ಎಂಟೂ ಚಕ್ರಗಳಿಂದ ವಿದ್ಯುತ್ತು, ಕೆಪಾಸಿಟರಿಗೆ ಗೂಡು, ಮ್ಯಾಗ್ನೆಟ್ಟಿನಿಂದ ಬಿಚ್ಚಿಕೊಳ್ಳುವ ಕೊಂಡಿ. ಮತ್ತು ಪೆಟ್ಟಿಗೆಯ ಮೇಲೆ ರಿವೆಟ್ಟುಗಳ ಫೋಟೋದ ಬದಲು ಒಂದೇ ಒಂದು ಅಂಕಿ: ಈ ಎಂಜಿನ್ ನಿಲ್ಲದೆ ಸೆಕೆಂಡಿಗೆ ಎಷ್ಟು ಮಿಲಿಮೀಟರಿನಷ್ಟು ನಿಧಾನವಾಗಿ ಓಡಬಲ್ಲದು?