ಒಪ್ಪಿಕೊಂಡದ್ದು ಏನನ್ನು?

ತಡವಾಗಿ ಬಂದದ್ದಕ್ಕೆ, ಐಡಿ ಕಾರ್ಡ್ ಮರೆತದ್ದಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ನಮ್ಮಲ್ಲಿ ಕೆಲವರು ‘ಐ ಕನ್ಫೆಸ್’ ಎಂದೇ ಶುರು ಮಾಡುತ್ತಾರೆ. ಕೊಲೆ ಮಾಡಿ ಬಂದವರ ಹಾಗೆ! ಅಲ್ಲಿ ‘ಅಡ್ಮಿಟ್’ ಸಾಕು.

ಕನ್ನಡದ ‘ಒಪ್ಪಿಕೊಂಡೆ’ ಎಂಬ ಒಂದು ಮಾತಿನ ಕೆಲಸವನ್ನು ಇಂಗ್ಲಿಷ್ ಹಲವು ಪದಗಳಿಗೆ ಹಂಚಿದೆ. ಚರ್ಚಾ ಸ್ಪರ್ಧೆಯಲ್ಲಿ ಎದುರಾಳಿಯ ಒಂದು ಅಂಶ ಸರಿ ಎಂದು ಬಿಟ್ಟುಕೊಟ್ಟರೆ ಅದು ‘ಕನ್ಸೀಡ್’. ಗಾಜು ಒಡೆದದ್ದು ನಾನೇ ಎಂದು ತಾನಾಗಿ ಮುಂದೆ ಬಂದರೆ ‘ಓನ್ ಅಪ್’. ‘ಅಡ್ಮಿಟ್’ ಪದದ ಲ್ಯಾಟಿನ್ ಮೂಲಕ್ಕೆ ಒಳಗೆ ಬಿಟ್ಟುಕೊಳ್ಳುವುದು ಎಂಬ ಅರ್ಥ. ಕಾಲೇಜಿನ ಅಡ್ಮಿಷನ್ನೂ ಆಸ್ಪತ್ರೆಗೆ ಅಡ್ಮಿಟ್ ಆಗುವುದೂ ಅಲ್ಲಿಂದಲೇ ಬಂದವು. ‘ಕನ್ಫೆಸ್’ ಹೆಚ್ಚಾಗಿ ಪಾಪಕ್ಕೆ, ಅಪರಾಧಕ್ಕೆ ಅಂಟಿಕೊಂಡ ಪದ. ಆದರೂ ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಶಹಾದತ್ ‘ಕನ್ಫೆಷನ್ ಆಫ್ ಫೇತ್’ ಆಗಿರುವುದನ್ನು ಕಾಣಬಹುದು. ಅಲ್ಲಿ ತಪ್ಪಿನ ಮಾತೇ ಇಲ್ಲ, ಬಹಿರಂಗವಾಗಿ ಸಾರುವುದು ಎಂಬ ಹಳೆಯ ಅರ್ಥ ಉಳಿದಿದೆ. ಅರಬಿಯ ‘ಇಕ್ರಾರ್’ ಕೂಡ ಹೀಗೆಯೇ. ಈಮಾನನ್ನು ನಾಲಿಗೆಯಿಂದ ಹೇಳುವುದೂ ಇಕ್ರಾರ್, ಇವರಿಗೆ ನಾನು ಸಾಲ ಕೊಡಬೇಕಿದೆ ಎಂದು ಖಾಜಿಯ ಮುಂದೆ ಹೇಳುವುದೂ ಇಕ್ರಾರ್. (ಕನ್ನಡದ ‘ಕರಾರು’ ಇದೇ ಮನೆತನದ್ದು.)

ಪರೀಕ್ಷೆಯಲ್ಲಿ ಇದಕ್ಕೆಲ್ಲ ಎಷ್ಟು ಮಾರ್ಕು ಎಂದು ಕೇಳುವವರಿದ್ದಾರೆ. ಅವರು ಪತ್ರಿಕೆ ತೆರೆದು ನೋಡಲಿ. ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲು ಎಷ್ಟು ಸಲೀಸಾಗಿ ಬರುತ್ತದೆ! ‘ಹೇಳಿದ’ ಎಂದರೆ ಅದು ನಿಜವೋ ಸುಳ್ಳೋ ಎಂಬ ಪ್ರಶ್ನೆ ಉಳಿಯುತ್ತದೆ. ‘ಒಪ್ಪಿಕೊಂಡ’ ಎಂದೊಡನೆ ನಿಜವೆಂದು ಬರೆದವರೇ ತೀರ್ಮಾನಿಸಿದಂತಾಯಿತು. ಇಂಗ್ಲಿಷಿನ ಅಡ್ಮಿಟ್, ಕನ್ಫೆಸ್ ಪದಗಳೂ ಇದನ್ನೇ ಮಾಡುತ್ತವೆ.

ಕಾನೂನಿಗೆ ಇಷ್ಟು ಅವಸರವಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ಇದೆ. ಕಸ್ಟಡಿಯಲ್ಲಿ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗಕ್ಕೆ ಮಾತ್ರ ವಿನಾಯಿತಿ. ಮ್ಯಾಜಿಸ್ಟ್ರೇಟರು ಕೂಡ ತಪ್ಪೊಪ್ಪಿಗೆ ದಾಖಲಿಸುವ ಮೊದಲು, ಹೇಳಲೇಬೇಕೆಂಬ ಒತ್ತಾಯವಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧವೇ ಬಳಕೆಯಾಗಬಹುದು ಎಂದು ಆರೋಪಿಗೆ ತಿಳಿಸಬೇಕು.

ನಮಗೆ ಮಾತ್ರ ಶೀರ್ಷಿಕೆ ಸಾಕು. ವಾಟ್ಸಾಪ್ ಗ್ರೂಪಿನಲ್ಲಿ ಸಂಜೆಯೊಳಗೆ ಶಿಕ್ಷೆಯೂ ಆಗಿರುತ್ತದೆ. ಆ ಹುಡುಗ ಮುಂದೆ ಖುಲಾಸೆಯಾದರೂ ಅವನ ತಂಗಿಯ ಕ್ಲಾಸಿನಲ್ಲಿ ಹಳೆಯ ಶೀರ್ಷಿಕೆಯೇ ಓಡಾಡುತ್ತಿರುತ್ತದೆ. ಅವನು ನಮ್ಮವನೋ ಬೇರೆಯವನೋ ಎಂದು ನೋಡಿ ನಮ್ಮ ನಂಬಿಕೆ ಬದಲಾಗುವುದೂ ಸರಿಯಲ್ಲ.

ಅಸೆಂಬ್ಲಿಯಲ್ಲಿ ವಾರ್ತೆ ಓದುವ ಗೆಳೆಯರಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಬಂದಾಗ ‘ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ಹೇಳಿದ್ದಾರೆ’ ಎಂದು ಓದಿ. ಮೂರೇ ಪದ ಹೆಚ್ಚಾಗುತ್ತದೆ.